ನಡೆದ ಗುಡ್ಡ, ನಿಂತ ಹವಳ

ಒಂದಾನೊಂದು ಸಮುದ್ರವಿತ್ತು. ಅದರ ಉದ್ದ ನಾಲ್ಕಡಿ, ಅಗಲ ಎರಡಡಿ, ಆಳ ನನ್ನ ತೋಳು ಭುಜದವರೆಗೆ ಒದ್ದೆಯಾಗುವಷ್ಟು. ಆ ಸಮುದ್ರದ ಸೂರ್ಯ ಟೈಮರ್ ಹೇಳಿದಾಗ ಹುಟ್ಟಿ ಟೈಮರ್ ಹೇಳಿದಾಗ ಮುಳುಗುತ್ತಿದ್ದ. ಅಲೆಗಳು ಗೋಡೆಯ ಪ್ಲಗ್ಗಿನಿಂದ ಬರುತ್ತಿದ್ದವು. ಅದಕ್ಕೊಬ್ಬಳು ರಾಣಿ. ರಾಣಿಗೆ ಬಲಗೈ ಮುರಿದಿತ್ತು.

ರಾಣಿ ಅಂದರೆ ನನ್ನ ಅತ್ತೆ, ಅಪ್ಪನ ಅಕ್ಕ. ಕಸುಬು ಪರದೆ ಹೊಲಿಯುವುದು. ಸಮುದ್ರ ಅಂದರೆ ಅವಳ ನಡುಮನೆಯಲ್ಲಿ, ಹೊಲಿಗೆ ಯಂತ್ರಕ್ಕೂ ಅಜ್ಜಿಯ ಕುರ್ಚಿಗೂ ನಡುವೆ ಇರುವ ಉಪ್ಪುನೀರಿನ ಗಾಜಿನ ತೊಟ್ಟಿ. ಅದರೊಳಗೆ ಒಂದಿಷ್ಟು ಮೀನು, ರಾಶಿ ಕಲ್ಲು, ಕಲ್ಲಿನ ಮೇಲೆ ಜೀವಂತ ಹವಳಗಳು. ಹವಳ ಅಂದರೆ ಸರದಲ್ಲಿ ಪೋಣಿಸುವ ಕೆಂಪು ಮಣಿ ಅಂತಷ್ಟೇ ತಿಳಿದಿದ್ದ ನನಗೆ, ಅದು ಬೆಳೆಯುತ್ತದೆ, ಉಣ್ಣುತ್ತದೆ, ಮುನಿಸಿಕೊಂಡರೆ ಮೈ ಮುಚ್ಚಿ ಕೂರುತ್ತದೆ ಎಂದು ಗೊತ್ತಾದದ್ದು ಅತ್ತೆಯ ಮನೆಯಲ್ಲೇ.

ಅತ್ತೆಯ ಕೈ ಮುರಿದದ್ದು ಹೀಗೆ. ತೊಟ್ಟಿಯ ಹೀಟರು ಕೆಟ್ಟು, ಆರುವುದನ್ನೇ ಮರೆತು ಉರಿಯಿತು. ನೀರು ಬಿಸಿಯೇರಿ ಎಲ್ಲಕ್ಕಿಂತ ದೊಡ್ಡ ಹವಳ, ಹಸಿರು ಮೈಯ ನೇರಳೆ ತುದಿಗಳ ಕವಲು ಹವಳ, ಕಣ್ಣೆದುರೇ ಬೆಳ್ಳಗಾಗತೊಡಗಿತು. ಅತ್ತೆ ಬಕೆಟ್ಟು ಹಿಡಿದು ತಣ್ಣೀರು ತುಂಬಲು ಓಡಾಡಿದಳು, ತಾನೇ ಚೆಲ್ಲಿದ ನೀರಿನ ಮೇಲೆ ಜಾರಿದಳು, ಮಣಿಕಟ್ಟು ಮುರಿಯಿತು. ಬೇರೆಯವರಾಗಿದ್ದರೆ ಆಸ್ಪತ್ರೆಗೆ ಹೋಗುತ್ತಿದ್ದರು. ಅತ್ತೆ ಎಡಗೈಯಲ್ಲಿ ಇಕ್ಕಳ ಹಿಡಿದು, ಹವಳದಲ್ಲಿ ಇನ್ನೂ ಬಣ್ಣವಿದ್ದ ಒಂದೇ ಒಂದು ಗೆಲ್ಲಿನ ತುದಿ ಕತ್ತರಿಸಿ, ಅದನ್ನು ಒಂದು ಪಿಂಗಾಣಿ ಬಿಲ್ಲೆಗೆ ಅಂಟಿಸಿಟ್ಟು, ಆಮೇಲೆ ಟ್ಯಾಕ್ಸಿ ಹತ್ತಿದಳು.

ಹೀಗೆ ಕತ್ತರಿಸಿದ ತುಂಡಿಗೆ ಹವಳ ಸಾಕುವವರು ಫ್ರ್ಯಾಗ್ ಅನ್ನುತ್ತಾರೆ. ಗಿಡದ ಗೆಲ್ಲು ಮುರಿದು ನೆಟ್ಟರೆ ಬೇರೆ ಗಿಡವಾಗುವುದಿಲ್ಲವೇ, ಹಾಗೆಯೇ. ತಾಯಿ ಹವಳ ಆ ವಾರವೇ ಬಿಳಿ ಎಲುಬಾಯಿತು. ಉಳಿದದ್ದು ಹೆಬ್ಬೆರಳಿನಷ್ಟು ಫ್ರ್ಯಾಗ್ ಒಂದೇ. ಅಕ್ವೇರಿಯಂ ಅಂಗಡಿಯವನು ವರ್ಷಗಳಿಂದ "ಅಕ್ಕಾ, ನನಗೂ ಒಂದು ಗೆಲ್ಲು ಕೊಡಿ" ಎಂದು ಬೇಡುತ್ತಿದ್ದ. ಅತ್ತೆ ಒಬ್ಬರಿಗೂ ಕೊಟ್ಟವಳಲ್ಲ. ಕೊಟ್ಟಿದ್ದರೆ ಇವತ್ತು ವಾಪಸ್ ಕೇಳಬಹುದಿತ್ತು. ಇದು ಹೋದರೆ ಆ ಹವಳದ ಕಥೆ ಮುಗಿದಂತೆ.

ಪ್ಲಾಸ್ಟರ್ ಕೈಯನ್ನು ನೀರಿಗಿಳಿಸುವಂತಿಲ್ಲ. ಅಜ್ಜಿಯ ಕೈ ನಡುಗುತ್ತದೆ. ಹಾಗಾಗಿ ಪಕ್ಕದ ಬೀದಿಯಿಂದ ನನ್ನನ್ನು ಕರೆಸಿ ಅಲ್ಲೇ ಉಳಿಸಿಕೊಂಡರು, ಬೇರೆ ಗತಿಯಿಲ್ಲದೆ. ನಾನು ಹೆಣೆದ ಸ್ವೆಟರಿಗೆ ಒಂದೇ ತೋಳು. ನಾನು ಬಣ್ಣ ಹಚ್ಚಿದ ಕಿಟಕಿಯಲ್ಲಿ ಕೊನೆಯ ಎರಡು ಸರಳು ಇವತ್ತಿಗೂ ತುಕ್ಕು. ಕೆಲಸ ಹಿಡಿದ ಸ್ವಲ್ಪ ಹೊತ್ತಿಗೆ ನನ್ನ ಮನಸ್ಸು ಅಜ್ಜಿಯ ಯಾವುದಾದರೊಂದು ಕಥೆಯ ಕುದುರೆ ಹತ್ತಿ ಹೊರಟುಬಿಡುತ್ತದೆ. ಅದಕ್ಕೇ ಅತ್ತೆ ನನಗಿಟ್ಟ ಹೆಸರು ಮುಕ್ಕಾಲು.

"ಕೇಳಿಲ್ಲಿ ಮುಕ್ಕಾಲು," ಎಂದಳು ಅತ್ತೆ, ಪ್ಲಾಸ್ಟರ್ ಕೈಯನ್ನು ದಿಂಬಿನ ಮೇಲಿಟ್ಟು. "ಇದನ್ನ ಕಲ್ಲಿಗೆ ಗಟ್ಟಿಯಾಗಿ ಕೂರಿಸ್ಬೇಕು. ಬಿದ್ರೆ ಮರಳಲ್ಲಿ ಮುಖ ಹುಗಿದು ಆ ಕಡೆ ಮೈಯೆಲ್ಲಾ ಸುಲಿದು ಹೋಗುತ್ತೆ. ಅಲುಗಾಡ್ತಾ ಇದ್ರೆ ಕಲ್ಲನ್ನ ಹಿಡಿಯೋದೇ ಇಲ್ಲ."

"ಗೋಂದು ಹಾಕಿದ್ರೆ ಆಯ್ತಲ್ಲ?"

"ಗೋಂದು ನಾವು ಹಾಕೋ ಕಚ್ಚಾ ಹೊಲಿಗೆ ಕಣೇ. ಪಕ್ಕಾ ಹೊಲಿಗೆ ಅದೇ ಹಾಕ್ಕೋಬೇಕು. ತನ್ನ ಮೈನ ಗೋಂದಿನ ಮೇಲೆ ಹರಡಿಸಿ, ಕೆಳಗಿಳಿದು, ಕಲ್ಲನ್ನ ತಾನಾಗಿ ಹಿಡಿದ ಮೇಲೆ ಕೆಲಸ ಮುಗೀತು ಅಂತ. ಅಲ್ಲೀವರೆಗೂ ನಿನ್ನ ಜವಾಬ್ದಾರಿ. ಮಾತು ಕೊಡು."

"ಕೊಟ್ಟೆ."

"ಪೂರ್ತಿ ಕೊಡು."

"ಪೂರ್ತಿ ಕೊಟ್ಟೆ ಅತ್ತೆ."

ಅಜ್ಜಿ ಕುರ್ಚಿಯಲ್ಲಿ ಪರದೆಯ ರಿಂಗುಗಳನ್ನು ದಾರಕ್ಕೆ ಪೋಣಿಸುತ್ತಿದ್ದಳು. "ನೋಡೋಣ," ಎಂದಳು. ಅಜ್ಜಿ ನನ್ನ ಪಕ್ಷದವಳು ಎಂದು ನಾನು ತಿಳಿದಿದ್ದೆ.

ಮೊದಲ ಸಲ ನಾನು ಕಲ್ಲನ್ನು ಉಜ್ಜಲೇ ಇಲ್ಲ. ಕಲ್ಲಿನ ಮೇಲೆ ಕಂಡೂ ಕಾಣದಂಥ ಪಾಚಿಯ ಪದರ ಇರುತ್ತದೆ. ಗೋಂದು ಆ ಪಾಚಿಗೆ ಅಂಟಿತು, ಪಾಚಿ ಕಲ್ಲನ್ನು ಬಿಟ್ಟಿತು. ಮಾರನೇ ದಿನ ಫ್ರ್ಯಾಗ್ ಮರಳಿನಲ್ಲಿ ಮಲಗಿತ್ತು.

ಎರಡನೇ ಸಲ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಚೆನ್ನಾಗಿ ಉಜ್ಜಿದೆ. ಆದರೆ ಗೋಂದಿನ ಜೊತೆ ಮೆತ್ತಬೇಕಾದ, ನೀರಲ್ಲೂ ಗಟ್ಟಿಯಾಗುವ ಪುಟ್ಟಿ ನಾದಲು ಬೇಜಾರಾಗಿ ಬರೀ ಗೋಂದು ಹಚ್ಚಿ ಒಂದು ಬೋಳುಗಲ್ಲಿನ ನೆತ್ತಿಯ ಮೇಲೆ ಒತ್ತಿದೆ. ನೀರು ತಾಕಿದ ಕೂಡಲೇ ಗೋಂದು ಹಾಲಿನ ಕೆನೆಯಂತೆ ಮೇಲೆ ಬೆಳ್ಳಗೆ ಪೊರೆ ಕಟ್ಟಿತು. ಅಲೆ ಎಬ್ಬಿಸುವ ಪಂಪು ಹಾಕಿದ್ದೇ ತಡ, ಫ್ರ್ಯಾಗ್ ನೆತ್ತಿಯಿಂದ ಟೋಪಿಯಂತೆ ಹಾರಿ ಬಿತ್ತು. ಎತ್ತಿ ನೋಡಿದರೆ ಬುಡದ ಹತ್ತಿರ ಒಂದು ಪಕ್ಕದ ಹಸಿರು ಸುಲಿದು ಉಗುರಗಲ ಬಿಳಿ ಕಾಣುತ್ತಿತ್ತು.

ಅತ್ತೆ ಬೈಯಲಿಲ್ಲ. ಅದೇ ಕಷ್ಟವಾದದ್ದು. "ಇನ್ನೊಂದ್ಸಲ ಬಿದ್ರೆ ಉಳಿಯಲ್ಲ ಅದು," ಎಂದಷ್ಟೇ ಹೇಳಿ, ಎಡಗೈಯಲ್ಲಿ ಪರದೆಯ ಬಟ್ಟೆಗೆ ಗುರುತು ಹಾಕಲು ಹೋದಳು. ಗುರುತು ಸೊಟ್ಟಗೆ ಬಂತು.

ಮೂರನೇ ಸಲ ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿದವಳಂತೆ ನಿಂತೆ, ಹಾಕಿದ್ದು ಪ್ಯಾಂಟಾದರೂ. ಅತ್ತೆ ಪ್ಲಾಸ್ಟರ್ ತೋರಿಸಲು ಆಸ್ಪತ್ರೆಗೆ ಹೋಗಿದ್ದಳು. ಅವಳು ಬರುವುದರೊಳಗೆ ಕೂರಿಸಿಬಿಡುತ್ತೇನೆಂದು ಹೇಳಿ ಕಳಿಸಿದ್ದೆ. ಪಂಪು ನಿಲ್ಲಿಸಿದೆ. ದೀಪದ ಮುಚ್ಚಳ ಎತ್ತಿ ಕಟ್ಟಿದೆ. ಸ್ಟೂಲ್ ಹತ್ತಿ ಮೇಲಿನಿಂದ ಬಗ್ಗಿ ನೋಡಿದೆ. ಎರಡು ದೊಡ್ಡ ಕಲ್ಲುಗಳ ಸಂದಿಯಲ್ಲಿ ನಿಂಬೆಹಣ್ಣಿನ ಗಾತ್ರದ ಒಂದು ಗುಂಡುಗಲ್ಲು, ಮೈತುಂಬ ನೇರಳೆ ಕಲೆ, ಭದ್ರವಾಗಿ ಸಿಕ್ಕಿಕೊಂಡು ಕೂತಿತ್ತು. ಬೆರಳಿಂದ ಅಲುಗಿಸಿದೆ. ಜಗ್ಗಲಿಲ್ಲ. ಇದಕ್ಕಿಂತ ಒಳ್ಳೆ ಜಾಗ ಎಲ್ಲಿ ಸಿಕ್ಕೀತು?

ಅದನ್ನು ಬ್ರಷ್ಷಿನಿಂದ ತಿಕ್ಕಿದೆ, ಮಗುವಿನ ಬೆನ್ನು ತಿಕ್ಕಿದ ಹಾಗೆ. ಪುಟ್ಟಿಯ ಎರಡು ಬಣ್ಣದ ತುಂಡುಗಳನ್ನು ಒಂದೇ ಬಣ್ಣ ಬರುವ ತನಕ ಹಿಟ್ಟಿನಂತೆ ನಾದಿದೆ. ಬಿಲ್ಲೆಯ ತಳಕ್ಕೆ ಗೋಂದು, ಅದರ ಮೇಲೆ ಪುಟ್ಟಿಯ ಉಂಡೆ, ಉಂಡೆಯ ಮೇಲೆ ಮತ್ತೆ ಗೋಂದು. ನೀರಿಗಿಳಿಸಿ, ಒತ್ತಿ, ಗೋಂದಿನ ಪೊರೆ ಒಡೆಯಲೆಂದು ಸ್ವಲ್ಪ ತಿರುಚಿ, ಹಿಡಿದು ನಿಂತೆ.

"ಎಷ್ಟು ಹೊತ್ತು ಹಿಡೀಬೇಕು?" ಎಂದಳು ಅಜ್ಜಿ.

"ಗಟ್ಟಿಯಾಗೋವರೆಗೂ. ಕೈ ಅಲುಗಬಾರದು."

"ಹಾಗಿದ್ರೆ ಕಥೆ ಹೇಳ್ತೀನಿ. ನಿನ್ನ ಮನಸ್ಸು ಎಲ್ಲಿಗೆ ಹೋದ್ರೂ ಕೈ ಅಲ್ಲೇ ಇರಲಿ."

ಒಬ್ಬಳು ಹೆಣ್ಣುಮಗಳು ಒಂದು ಗುಡ್ಡದ ಮೇಲೆ ಮನೆ ಕಟ್ಟಿದಳಂತೆ. ಗುಡ್ಡ ಅಂದರೆ ಗುಡ್ಡವಲ್ಲ, ನಿದ್ದೆ ಹೋಗಿದ್ದ ಆಮೆ. ಮನೆಯೇನೋ ಗಟ್ಟಿ. ಆದರೆ ಬೆಳಿಗ್ಗೆ ಎದ್ದು ಕಿಟಕಿ ತೆಗೆದರೆ ದಿನಾ ಬೇರೆ ಊರು. ನಿನ್ನೆ ಸಾಲ ಕೊಟ್ಟ ಪಕ್ಕದ ಮನೆಯವಳು ಇವತ್ತಿಲ್ಲ. ಇವತ್ತು ಕರೆದ ನೆಂಟರಿಗೆ ನಾಳೆ ಮನೆಯೇ ಸಿಗುವುದಿಲ್ಲ. ಕಥೆ ಇಷ್ಟಕ್ಕೆ ಬರುವಾಗ ಬಾಗಿಲು ಸದ್ದಾಗಿ ಅತ್ತೆ ಬಂದಳು, ಅಜ್ಜಿ ನಿಲ್ಲಿಸಿದಳು.

ಅತ್ತೆ ಚಪ್ಪಲಿ ಬಿಡುವ ಮೊದಲೇ ಗಾಜಿನ ಹತ್ತಿರ ಬಂದು ಬಗ್ಗಿದಳು. ಪುಟ್ಟಿ ಗಟ್ಟಿಯಾಗಿತ್ತು, ನಾನು ಕೈ ತೆಗೆದು ಪಂಪು ಜೋರಾಗಿ ಬಿಟ್ಟೆ. ಫ್ರ್ಯಾಗ್ ನೆಟ್ಟ ಕಂಬದಂತೆ ನಿಂತಿತ್ತು.

"ಪರವಾಗಿಲ್ವೇ!" ಎಂದಳು. ಮತ್ತೆ ಕಣ್ಣು ಕಿರಿದು ಮಾಡಿ, "ಅಲ್ಲೊಂದು ಗುಂಡುಗಲ್ಲಿತ್ತಾ? ನನಗೆ ನೆನಪೇ ಇಲ್ವಲ್ಲ," ಅನ್ನುವಷ್ಟರಲ್ಲಿ ಪರದೆಯ ಗಿರಾಕಿಯೊಬ್ಬರ ಫೋನು ಬಂತು. ಕಿಟಕಿಯ ಅಳತೆ ತಪ್ಪು ಕೊಟ್ಟಿದ್ದೂ ಅವರೇ, ಜೋರು ಮಾಡಿದ್ದೂ ಅವರೇ. ಆ ಗಲಾಟೆಯಲ್ಲಿ ಗುಂಡುಗಲ್ಲಿನ ಮಾತು ಅಲ್ಲಿಗೇ ಬಿತ್ತು.

ಮರುದಿನ ಬೆಳಿಗ್ಗೆ, ತೊಟ್ಟಿಯ ದೀಪ ಹತ್ತುವ ಮುಂಚೆಯೇ ಅಜ್ಜಿ ಕುರ್ಚಿಯಲ್ಲಿದ್ದಳು. ನಾನು ಹಲ್ಲುಜ್ಜುತ್ತಾ ಹಾದುಹೋದೆ. (ಬೇರೆ ಬ್ರಷ್ಷಿನಿಂದ.)

"ಗುಡ್ಡ ನಡೀತು ಕಣೇ," ಎಂದಳು ಅಜ್ಜಿ.

"ಹ್ಞೂಂ, ಆಮೇಲೆ?"

"ಆಮೇಲೇನು? ನಡೀತಾ ಇದೆ."

"ಆ ಹೆಂಗಸು ಏನ್ಮಾಡಿದ್ಲು?"

"ಯಾವ ಹೆಂಗಸು?"

"ಮನೆ ಕಟ್ಟಿದೋಳು. ನಿನ್ನೆ ಅರ್ಧಕ್ಕೆ ನಿಲ್ಸಿದ್ಯಲ್ಲ ಅಜ್ಜೀ."

ಅಜ್ಜಿ ನನ್ನನ್ನು ದಿಟ್ಟಿಸಿದಳು. "ನಾನು ಏನು ಹೇಳ್ತಾ ಇದೀನಿ, ನೀನು ಏನು ಕೇಳ್ತಾ ಇದೀಯ?" ಎಂದಳು. ಕಥೆ ಮುಂದುವರಿಸಲು ಅವಳಿಗೆ ಈಗ ಮನಸ್ಸಿಲ್ಲ ಎಂದುಕೊಂಡೆ. ಸಂಜೆ ಕೇಳಿದರಾಯಿತೆಂದು, ತೊಟ್ಟಿಯ ದೀಪ ಹತ್ತುವ ಮೊದಲೇ ಅತ್ತೆಯ ಜೊತೆ ಬೀದಿ ತಿರುವಿನಲ್ಲಿದ್ದ ಅವಳ ಪರದೆ ಅಂಗಡಿಗೆ ಹೊರಟೆ. ಅಜ್ಜಿಯ ಜೀವಮಾನದಲ್ಲಿ ಅದೇ ಮೊದಲ ಸಲ ಅವಳು ಕಥೆ ಹೇಳದೆ ಸುದ್ದಿ ಹೇಳಿದ್ದಳು. ಅವಳ ಕಥೆ ಕೇಳಿಯೇ ಬೆಳೆದ ನಾನು ಅದನ್ನೂ ಕಥೆ ಮಾಡಿಬಿಟ್ಟಿದ್ದೆ.

ಮಧ್ಯಾಹ್ನ ಊಟಕ್ಕೆ ಬಂದಾಗ ಕಲ್ಲುಗಳ ಸಂದಿ ಖಾಲಿಯಿತ್ತು.

ಅತ್ತೆಯ ಮುಖದಲ್ಲಿ ಬಣ್ಣವಿರಲಿಲ್ಲ. ನಾನು ನೆಲದ ಮೇಲೆ ಮಂಡಿಯೂರಿ ಗಾಜಿಗೆ ಮೂಗು ಒತ್ತಿ ಮರಳನ್ನೆಲ್ಲ ಜಾಲಾಡಿದೆ. ಅಲ್ಲೂ ಇಲ್ಲ. ಫ್ರ್ಯಾಗ್ ಬಿದ್ದಿದ್ದರೆ ಬಿದ್ದಲ್ಲಿ ಇರಬೇಕು. ಆದರೆ ಇಲ್ಲಿ ಅದು ಕೂತಿದ್ದ ಕಲ್ಲೇ ಇಲ್ಲ!

"ಹಿಂದಿನ ಗಾಜು ನೋಡ್ರೇ," ಎಂದಳು ಅಜ್ಜಿ, ರಿಂಗು ಪೋಣಿಸುವುದನ್ನು ನಿಲ್ಲಿಸದೆ. "ಬೆಳಿಗ್ಗೆಯಿಂದ ಬಾಯಿ ಬಡ್ಕೊಳ್ತಾ ಇದೀನಿ. ಈ ಮನೇಲಿ ನನ್ನ ಮಾತು ಯಾರು ಕೇಳ್ತಾರೆ?"

ಹಿಂದಿನ ಗಾಜಿನ ಮೇಲ್ತುದಿಯಲ್ಲಿ, ನೀರಿನ ಮಟ್ಟಕ್ಕೆ ಸರಿಯಾಗಿ, ಗುಡ್ಡವೊಂದು ಏರುತ್ತಿತ್ತು. ಗಾಜಿಗೆ ಒತ್ತಿದ ಅದರ ಮಾಂಸದ ಪಾದ ಅಗಲವಾಗಿ ಹರಡಿತ್ತು. ಮುಂದೆ ಎರಡು ಮೀಸೆ. ಬೆನ್ನ ಮೇಲೆ ಬಾವುಟದಂತೆ ನಮ್ಮ ಫ್ರ್ಯಾಗ್. ಅದರ ತುದಿ ನೀರಿನಿಂದ ಹೊರಗೆ ಬಂದು ದೀಪದ ಶಾಖಕ್ಕೆ ಒಣಗುತ್ತಿತ್ತು.

"ಗುಂಡಣ್ಣಾ!" ಎಂದು ಅತ್ತೆ ಕೂಗಿದಳು. "ಸತ್ತೇ ಹೋಗಿದ್ದಾನೆ ಅಂದ್ಕೊಂಡಿದ್ದೆನಲ್ಲೇ!"

ಗುಂಡಣ್ಣ ಪಾಚಿ ತಿನ್ನಲೆಂದು ಅತ್ತೆ ಎಷ್ಟೋ ಕಾಲದ ಹಿಂದೆ ಬಿಟ್ಟಿದ್ದ ಶಂಖದ ಹುಳು. ಹೀಟರು ಕೆಟ್ಟ ದಿನದಿಂದ ಯಾರಿಗೂ ಕಂಡಿರಲಿಲ್ಲ. ಕಲ್ಲುಗಳಿಗೆ ಹಿಡಿಯುವ ನೇರಳೆ ಕಲೆ ಅವನ ಚಿಪ್ಪಿಗೂ ಹಿಡಿದಿತ್ತು. ನಾನು ಬ್ರಷ್ಷು ಹಾಕಿ ಉಜ್ಜುವಾಗ ಪಾಪ, ಹೆದರಿ ಕಲ್ಲು ಕಚ್ಚಿಕೊಂಡು ಕೂತಿದ್ದಾನೆ. ಅದನ್ನೇ ನಾನು ಭದ್ರ ಎಂದುಕೊಂಡಿದ್ದೆ.

ಅತ್ತೆಗೆ ಮೊದಲು ಸಿಟ್ಟು ಬಂತು, ಬಾಯಿ ತೆರೆದಳು. ಆದರೆ ಬಂದದ್ದು ನಗು. ನಕ್ಕು ನಕ್ಕು ಪ್ಲಾಸ್ಟರ್ ಕೈ ನೋಯಿತೆಂದು ಹಿಡಿದುಕೊಂಡು, ಮತ್ತೆ ನಕ್ಕಳು. "ಬಸ್ಸಿನ ಮೇಲೆ ಮನೆ ಕಟ್ಟಿದ್ದೀಯಲ್ಲೇ, ನಮ್ಮಮ್ಮಾ!"

ನನಗೆ ನಗು ಬರಲಿಲ್ಲ. ಕೈ ಹಾಕಿ ಗುಂಡಣ್ಣನನ್ನು ಗಾಜಿನಿಂದ ಮೆಲ್ಲಗೆ ಬಿಡಿಸಿ, ತೊಟ್ಟಿಯ ನೀರು ತುಂಬಿದ ತಟ್ಟೆಗೆ ಇಳಿಸಿದೆ. ಫ್ರ್ಯಾಗಿನ ತುದಿ ಕಂದಿತ್ತು. ಬುಡದ ಬಿಳಿ ಇನ್ನಷ್ಟು ಮೇಲೇರಿತ್ತು. ನಡುವೆ ಬೆರಳಿನ ಉಗುರಿನಷ್ಟು ಹಸಿರು.

"ಅಂಗಡಿಯವನನ್ನ ಕರಿ ಅತ್ತೆ," ಎಂದೆ. "ನನ್ನ ಕೈಲಾಗಲ್ಲ. ಅವನಿಗೆ ಗೊತ್ತಿರುತ್ತೆ."

"ಅವನು ಬರ್ತಾನೆ. ಬಂದು, ನಾನು ಆಗಲೇ ಕೇಳಿದ್ನಲ್ಲ ಅಕ್ಕಾ ಅಂತ ನಾಲ್ಕು ಮಾತು ಹೇಳ್ತಾನೆ. ಅದು ಸರೀನೇ, ಹೇಳಲಿ, ಆಮೇಲೆ ಕೇಳ್ತೀನಿ. ಆದ್ರೆ ಅವನು ಬರೋವರೆಗೂ ಇದು ಕಾಯಲ್ಲ. ಮಾತು ಕೊಟ್ಟೋಳು ಯಾರು?"

"ನಾನೇ."

"ಚಾಕು ತಗೋ."

ಅತ್ತೆ ಎಡಗೈಯಲ್ಲಿ ಗುಂಡಣ್ಣನನ್ನು ಹಿಡಿದಳು. ನಾನು ಪುಟ್ಟಿಯ ಅಂಚಿಗೆ ಚಾಕುವಿನ ಮೊನೆ ಸಿಕ್ಕಿಸಿ ಮೀಟಿದೆ. ಬರಲಿಲ್ಲ. ಮತ್ತೆ ಮೀಟಿದೆ. ಬರಲಿಲ್ಲ.

"ಅಬ್ಬಾ," ಎಂದಳು ಅತ್ತೆ. "ಅಂಟಿಸಿದ್ದು ಮಾತ್ರ ಗಟ್ಟಿಯಾಗಿದೆ ನೋಡು."

ಅದು ಹೊಗಳಿಕೆಯೇ, ಸಂಶಯವಿಲ್ಲ. ನಾನು ಬಿಲ್ಲೆಯನ್ನು ಹಿಡಿದು, ಅಂಟಿಸುವಾಗ ತಿರುಚಿದ್ದ ಕಡೆಗೇ ಜೋರಾಗಿ ತಿರುಚಿದೆ. ಟಪ್ ಎಂದು ಬಿಟ್ಟಿತು. ಜೊತೆಗೆ ಒಂದು ಚೂರು ನೇರಳೆ ಹಕ್ಕಳೆ ಬಂತು. ಗುಂಡಣ್ಣನಿಗೆ ಏನೂ ಆಗಿರಲಿಲ್ಲ. ತೊಟ್ಟಿಗೆ ಬಿಟ್ಟ ಕೂಡಲೇ ಬೆನ್ನ ಭಾರ ಇಳಿದ ಹಮಾಲಿಯಂತೆ ಸರಸರ ಹೊರಟ. ಅವನ ಲೆಕ್ಕದ ಸರಸರ.

ಅತ್ತೆ ಹೇಳಿದಂತೆ ಸತ್ತ ಭಾಗವನ್ನು ಮೇಲೂ ಕೆಳಗೂ ಇಕ್ಕಳದಿಂದ ಕತ್ತರಿಸಿದೆ.

"ಈ ಸಲ ನೀರೊಳಗೆ ಒದ್ದಾಡ್ಬೇಡ," ಎಂದಳು ಅತ್ತೆ. "ಆ ಮೂಲೇಲಿ ಕವಲಿರೋ ಸಣ್ಣ ಕಲ್ಲಿದೆ, ಅದನ್ನೇ ಹೊರಗೆ ತಾ. ಇಲ್ಲೇ ಅಂಟಿಸೋಣ. ಆಮೇಲೆ ಕಲ್ಲನ್ನೇ ಸಂದಿಗೆ ಸಿಕ್ಕಿಸಿದ್ರಾಯ್ತು."

"ಮೊದಲು ಕಲ್ಲಾ ಅಂತ ಕೇಳು!" ಎಂದಳು ಅಜ್ಜಿ ಕುರ್ಚಿಯಿಂದ.

ನಾನು ಆ ಕಲ್ಲನ್ನು ಹೊರತಂದು, ತಿರುಗಿಸಿ ಅಡಿ ನೋಡಿ, ಸ್ಕ್ರೂಡ್ರೈವರಿನ ಹಿಡಿಯಿಂದ ಬಾಗಿಲು ತಟ್ಟಿದ ಹಾಗೆ ತಟ್ಟಿದೆ. "ಒಳಗ್ಯಾರಾದ್ರೂ ಇದ್ದೀರಾ?"

"ಇದ್ರೂ ಹೇಳ್ತಾರಾ?" ಎಂದಳು ಅಜ್ಜಿ. "ಗುಂಡಣ್ಣ ಹೇಳಿದ್ನಾ?"

ಕಲ್ಲು ಕಲ್ಲೇ ಆಗಿತ್ತು. ಉಜ್ಜಿದೆ. ಅಂಟಿಸುವ ಜಾಗವನ್ನು ಮಾತ್ರ ಬಟ್ಟೆ ಒತ್ತಿ ಒಣಗಿಸಿದೆ. ಫ್ರ್ಯಾಗಿನ ಬುಡದ ನೀರನ್ನೂ ಅದೇ ಬಟ್ಟೆಗೆ ಒತ್ತಿ ಹೀರಿಸಿದೆ. ಗೋಂದು, ಪುಟ್ಟಿ, ಗೋಂದು. ಕವಲಿನ ನಡುವೆ ಒತ್ತಿ, ಪುಟ್ಟಿಯ ಅಂಚನ್ನು ಒದ್ದೆ ಬೆರಳಿನಿಂದ ಸವರಿ ತೆಳುವಾಗಿಸಿದೆ, ನಾಳೆ ಹವಳ ಇಳಿದು ಬರಲು ಮೆಟ್ಟಿಲು ಕಡಿದಾಗಿರಬಾರದೆಂದು.

ಅತ್ತೆ ಹೊಲಿಗೆ ಡಬ್ಬಿಯಿಂದ ಬಿಳಿ ನೂಲಿನ ಉಂಡೆ ತೆಗೆದಳು. "ಇದರ ಮೇಲೊಂದು ಕಟ್ಟು ಬೀಳಲಿ. ಹತ್ತಿ ದಾರ, ಕೆಲಸ ಆದ್ಮೇಲೆ ತಾನೇ ಕೊಳೆತು ಬಿದ್ದು ಹೋಗುತ್ತೆ."

ಕಟ್ಟುವುದು ಯಾರು? ಅತ್ತೆಗೆ ಒಂದೇ ಕೈ. ನನ್ನ ಎರಡೂ ಕೈ ಕಲ್ಲಿನ ಮೇಲೆ. ಅಜ್ಜಿ ರಿಂಗುಗಳನ್ನು ಕೆಳಗಿಟ್ಟು ಎದ್ದು ಬಂದಳು. ಅವಳ ಕೈ ನಡುಗಿತು. ಆದರೆ ಗಂಟು ಹಾಕುವ ಜಾಗಕ್ಕೆ ಬಂದಾಗ ನಿಂತಿತು. ಅತ್ತೆ ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಹಿಡಿದು ಎಳೆದಳು, ಅಜ್ಜಿ ಇನ್ನೊಂದನ್ನು ಸುತ್ತಿ ಗಂಟು ಬಿಗಿದಳು. ಮೂವರ ತಲೆಯೂ ಒಂದು ತಟ್ಟೆಯ ಮೇಲೆ.

"ಹವಳಕ್ಕೆ ತೊಟ್ಟಿಲ ಶಾಸ್ತ್ರ ಮಾಡಿದ ಹಾಗಿದೆ," ಎಂದಳು ಅಜ್ಜಿ.

ಕಲ್ಲನ್ನು ದೊಡ್ಡ ಕಲ್ಲುಗಳ ಸಂದಿಗೆ ಸಿಕ್ಕಿಸಿ, ಅಡಿಗೂ ಪಕ್ಕಕ್ಕೂ ಪುಟ್ಟಿ ತುಂಬಿದೆ. ಗುಂಡಣ್ಣ ಬಿಟ್ಟುಹೋದ ಅದೇ ಜಾಗ. ಪಂಪು ಪೂರ್ತಿ ಜೋರಿಗೆ ಬಿಟ್ಟೆ. ಮೀನುಗಳು ತೂರಾಡಿದವು, ಪಕ್ಕದ ಹವಳಗಳು ತಲೆದೂಗಿದವು. ನಮ್ಮದು ಅಲುಗಲಿಲ್ಲ.

"ಆಯ್ತಾ?" ಎಂದೆ.

"ಕಚ್ಚಾ ಹೊಲಿಗೆ ಆಯ್ತು," ಎಂದಳು ಅತ್ತೆ.

ಆಮೇಲಿನದು ಕಾಯುವ ಕೆಲಸ, ಅದರಲ್ಲಿ ಹೇಳುವಂಥದ್ದು ಕಡಿಮೆ. ಪ್ರತಿ ಬೆಳಿಗ್ಗೆ ನೋಡುವುದು. ನೀರಿನ ಬಿಸಿ ನೋಡುವುದು. ಹೊಸ ಹೀಟರಿನ ಮೇಲೆ ಯಾರಿಗೂ ನಂಬಿಕೆಯಿಲ್ಲ. ಗುಂಡಣ್ಣ ಒಂದೆರಡು ಸಲ ಹಳೇ ಮನೆ ನೋಡಲು ಬಂದು, ಫ್ರ್ಯಾಗಿಗೆ ಭುಜ ಕೊಟ್ಟು ತಳ್ಳಿ, ಸೋತು ಸುತ್ತಿಕೊಂಡು ಹೋದ. ನೂಲು ಮೊದಲು ಕಂದುಬಣ್ಣಕ್ಕೆ ತಿರುಗಿತು, ಆಮೇಲೆ ಎಳೆ ಬಿಟ್ಟಿತು, ಆಮೇಲೆ ಕಾಣಲಿಲ್ಲ. ಹಸಿರು ಮಾತ್ರ ಉಗುರಿನಷ್ಟೇ ಇತ್ತು, ಬೆಳೆಯಲೂ ಇಲ್ಲ, ಸಾಯಲೂ ಇಲ್ಲ. ಅತ್ತೆಯ ಪ್ಲಾಸ್ಟರ್ ಬಿಚ್ಚಿದರು. "ಇನ್ನು ನೀನು ಮನೆಗೆ ಹೋಗ್ಬಹುದಲ್ಲೇ, ನಿಮ್ಮಮ್ಮ ಕೇಳ್ತಿದ್ಲು," ಎಂದಳು ಅತ್ತೆ. ನಾನು ಕೇಳಿಸದವಳಂತೆ ಪರದೆಯ ಅಂಚು ಮಡಿಚುತ್ತಾ ಕೂತೆ.

ಒಂದು ಬೆಳಿಗ್ಗೆ ದೀಪ ಹತ್ತಿದ ಕೂಡಲೇ ಅಜ್ಜಿ ಕುರ್ಚಿಯಿಂದ ಹೇಳಿದಳು. "ಹವಳ ಸೆರಗು ಹಾಸಿದೆ ಕಣೇ."

ನಾನು ಆಮೇಲೆ ಏನಾಯ್ತು ಎಂದು ಕೇಳಲಿಲ್ಲ. ಕೈಲಿದ್ದದ್ದನ್ನು ಅಲ್ಲೇ ಬಿಟ್ಟು, ಟಾರ್ಚೂ ಅತ್ತೆಯ ಭೂತಗನ್ನಡಿಯೂ ಹಿಡಿದು ಗಾಜಿನ ಹತ್ತಿರ ಕೂತೆ. ಫ್ರ್ಯಾಗಿನ ಬುಡದಿಂದ ಕಾಗದದಷ್ಟು ತೆಳುವಾದ ಹಸಿರು ಪದರವೊಂದು ಪುಟ್ಟಿಯ ಮೇಲೆ ಇಳಿದು, ಅಂಚು ದಾಟಿ, ಕಲ್ಲಿನ ಮೇಲೆ ಹರಡಿತ್ತು. ಅದರ ತುದಿಗೆ ನೇರಳೆ ಗೆರೆ, ಜರಿಯಂತೆ.

ಅತ್ತೆ ಬಂದು ನೋಡಿದಳು. ಭೂತಗನ್ನಡಿಯನ್ನು ಆ ಕಡೆ ಈ ಕಡೆ ಆಡಿಸಿದಳು. "ಮುಂದಿನ ಕಡೆ ಮಾತ್ರ," ಎಂದಳು. "ಹಿಂದೆ ಇನ್ನೂ ಬಿಳಿ ಪುಟ್ಟಿನೇ ಕಾಣ್ತಿದೆ. ಸುತ್ತ ಆಗಲಿ."

ಸುತ್ತ ಆಗುವ ತನಕ ನಾನು ಮನೆಗೆ ಹೋಗಲಿಲ್ಲ. ಅಷ್ಟರಲ್ಲಿ ಆ ಉಗುರಿನಷ್ಟು ಹಸಿರು ಎರಡು ಹೊಸ ಮೊಗ್ಗು ಬಿಟ್ಟಿತ್ತು. ಅಂಗಡಿಯವನು ಒಂದು ಸಂಜೆ ಉಪ್ಪಿನ ಡಬ್ಬಿ ಕೊಡಲು ಬಂದವನು ಅದನ್ನು ನೋಡಿ ಗಾಜಿನ ಹತ್ತಿರ ಬಗ್ಗಿದ. ಅತ್ತೆಯೇ "ಮೊದಲ ಗೆಲ್ಲು ನಿನಗೆ ಕಣಪ್ಪಾ, ಬೆಳೀಲಿ," ಎಂದಳು. ಅವನು ಹೇಳಬೇಕೆಂದಿದ್ದ ನಾಲ್ಕು ಮಾತು ಎಲ್ಲಿ ಹೋಯಿತೋ, ಡಬ್ಬಿ ಇಟ್ಟು ಹೋದ.

ಹಿಂದಿನ ಬಿಳಿಯೂ ಮುಚ್ಚಿದ ದಿನ ಅತ್ತೆ ಪಂಪು ನಿಲ್ಲಿಸಿ, ತೋಳು ಮಡಚಿ, ಸ್ಟೂಲ್ ಹತ್ತಿದಳು. ಪ್ಲಾಸ್ಟರಿನಿಂದ ಹೊರಬಂದ ಕೈ ಬಿಳಚಿಕೊಂಡು ಸಣ್ಣಗಾಗಿತ್ತು. ಅಷ್ಟು ಕಾಲದ ಮೇಲೆ ಅದು ಮೊದಲ ಸಲ ನೀರಿಗಿಳಿಯಿತು. ತೋರುಬೆರಳ ಉಗುರನ್ನು ಹವಳದ ಬುಡಕ್ಕೆ ಕೊಟ್ಟು ಈ ಕಡೆಯಿಂದ ತಳ್ಳಿದಳು. ಆ ಕಡೆಯಿಂದ ತಳ್ಳಿದಳು. ಕೊನೆಗೆ ಎರಡು ಬೆರಳಲ್ಲಿ ಹಿಡಿದು, ಬಟ್ಟೆಯ ಹೊಲಿಗೆ ಎಳೆದು ಪರೀಕ್ಷಿಸುವ ಹಾಗೆ, ಮೆಲ್ಲಗೆ ಮೇಲಕ್ಕೆ ಎಳೆದಳು. ಹವಳ ಕಲ್ಲನ್ನು ಬಿಡಲಿಲ್ಲ.

ಅಜ್ಜಿ ರಿಂಗು ಪೋಣಿಸುವುದನ್ನು ನಿಲ್ಲಿಸಿದ್ದಳು.

"ಮುಗೀತು ಕಣೇ ಮುಕ್ಕಾಲು," ಎಂದಳು ಅತ್ತೆ. "ಕೈ ಒರೆಸೋಕೆ ಬಟ್ಟೆ ಕೊಡು."